ಖಾಲಿ ಬಿಟ್ಟ ಮೊಳೆಗಳು

ಇಸ್ಲಾ ದೆ ಲೋಬೊಸ್, ದೀಪಸ್ತಂಭ
9 ಜೂನ್ 1974

ಜುಲ್ಮಾ,

ಈ ದ್ವೀಪದಿಂದ ನಿಮ್ಮ ಮನೆಗೆ ಎರಡು ವರ್ಷಗಳಿಂದ ಕಾಗದ ಬರೆಯುತ್ತಿದ್ದೇನೆ. ನಿನ್ನ ಹೆಸರಿಗೆ ಬರೆಯುತ್ತಿರುವುದು ಇದೇ ಮೊದಲು. ನಿಮ್ಮಮ್ಮನಿಗೆ ಬರೆದ ಕಾಗದದ ಕೊನೆಗೆ "ಜುಲ್ಮಾಳನ್ನೂ ಕೇಳಿದೆ ಅಂತ ಹೇಳು" ಎಂದು ಸೇರಿಸಿದರೆ ನನ್ನ ಪಾಲಿನದು ಮುಗಿಯಿತು ಅಂದುಕೊಳ್ಳುತ್ತಿದ್ದೆ. ನಿಮ್ಮಮ್ಮನನ್ನು ಮದುವೆಯಾದ ಮೇಲೂ ನಾನು ನಿಮ್ಮ ಜೊತೆ ಇದ್ದದ್ದು ರಜೆಯ ವಾರಗಳಲ್ಲಿ ಮಾತ್ರ. ಆ ವಾರಗಳಲ್ಲಿ, ನಾನು ತಲೆ ಬಗ್ಗಿಸಿ ನಿಮ್ಮ ಅಡುಗೆಮನೆಯ ಬಾಗಿಲು ದಾಟಿ ಬಂದರೆ, ನೀನು ನನಗೆ ಹೇಳಿದ್ದು "ಉಪ್ಪು ಆ ಕಡೆ ಇದೆ" ಎಂದು. ನಾನು ಹೇಳಿದ್ದು "ಆಯಿತು" ಎಂದು. ತಪ್ಪು ಇಬ್ಬರದೂ ಅಲ್ಲ. ಇಬ್ಬರಿಗೂ ಅಭ್ಯಾಸವಿರಲಿಲ್ಲ.

ಈಗ ಒಂದು ಉಪಕಾರವಾಗಬೇಕು. ಅಮ್ಮನ ಹೊಲಿಗೆ ಪೆಟ್ಟಿಗೆಯ ತಳದಲ್ಲಿ ಮುಗಿಯುತ್ತ ಬಂದ ದಾರದ ರೀಲುಗಳು ಬಿದ್ದಿರುತ್ತವಲ್ಲ, ಅವನ್ನು ಒಂದು ಹಿಡಿ ಕಳಿಸು. ಬಣ್ಣ ಯಾವುದಾದರೂ ನಡೆಯುತ್ತದೆ. ಅಮ್ಮನಿಗೆ ಗೊತ್ತಾಗುವುದು ಬೇಡ. ಸಾಮಾನಿನ ದೋಣಿಯವರ ಕೈಗೆ ಕೊಟ್ಟರೆ ತಲುಪುತ್ತದೆ.

ಇಲ್ಲಿ ವಾರದಿಂದ ಮಂಜು. ಸ್ತಂಭದ ಬುಡದಲ್ಲಿ ನಿಂತರೆ ತುದಿ ಕಾಣದು. ಕಡಲಸಿಂಹಗಳೂ ಕಾಣವು, ಸದ್ದು ಮಾತ್ರ ಕೇಳುತ್ತದೆ. ಸಾವಿರ ಮುದುಕರು ಮಂಜಿನೊಳಗೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಿರುವ ಹಾಗೆ. ಏನೋ ಹೇಳಲಿಕ್ಕೆ ಹೊರಡುತ್ತಾರೆ, ಹೇಳುವುದಿಲ್ಲ.

ಎವಾರಿಸ್ತೊ


ಮಾಲ್ದೊನಾದೊ
30 ಜೂನ್ 1974

ದೊನ್ ಎವಾರಿಸ್ತೊ ಅವರಿಗೆ,

ನಿಮ್ಮ ಕಾಗದ ತಲುಪಿತು. ದಾರ ಕಳಿಸಿದ್ದೇನೆ. ಕಾಲುಚೀಲದ ತೂತು ಮುಚ್ಚಿಕೊಳ್ಳಲಿಕ್ಕೆ ಇರಬೇಕು ಎಂದು ಬೂದು, ಕಂದು, ಕಡುನೀಲಿ, ಇಂಥವನ್ನೇ ಆರಿಸಿದೆ. ಕೆಂಪು, ಹಸಿರುಗಳನ್ನು ನಾನೇ ಇಟ್ಟುಕೊಂಡೆ, ಕಡಲಸಿಂಹಗಳು ನಿಮ್ಮ ಕಾಲುಚೀಲ ನೋಡಿ ಹೆದರಬಾರದಲ್ಲ. ಅಮ್ಮನಿಗೆ ಹೇಳಿಲ್ಲ. ಗಂಡ ಹರಕು ಕಾಲುಚೀಲ ಹಾಕುತ್ತಾನೆ ಎನ್ನುವುದು ಇಷ್ಟು ದೊಡ್ಡ ಗುಟ್ಟು ಎಂದು ನನಗೆ ತಿಳಿದಿರಲಿಲ್ಲ.

ಅಮ್ಮನಿಗೆ ಪುರುಸೊತ್ತೂ ಇಲ್ಲ. ನವೆಂಬರ್ ಹದಿನಾರಕ್ಕೆ ನನಗೆ ಹದಿನೈದು ವರ್ಷ ತುಂಬುವ ಹಬ್ಬ, ನಿಮಗೆ ಗೊತ್ತಿರಬೇಕು. ಉಡುಪಿನ ಬಟ್ಟೆ ಬಂದಿದೆ. ಬೆಣ್ಣೆಯಂಥ ತಿಳಿ ಹಳದಿ. ಅದಕ್ಕೆ ಕ್ಲೋತಿಲ್ದೆ ಅಜ್ಜಿಯ ತಕರಾರು.

"ಹದಿನೈದಕ್ಕೆ ಹುಡುಗಿ ಬಿಳಿ ಉಡ್ಬೇಕು ಕಣೇ. ಹಳದಿ ಉಟ್ರೆ ಕ್ಯಾನರಿ ಹಕ್ಕಿ ಥರ ಕಾಣ್ತೀಯ."

"ಕಾಣ್ಲಿ ಬಿಡಜ್ಜಿ. ಕ್ಯಾನರಿ ಹಾಡತ್ತೆ."

"ಹಾಡತ್ತೆ, ಪಂಜರದಲ್ಲಿ."

ಇಷ್ಟಾದರೂ ತೋಳಿನ ಲೇಸು ಹೆಣೆಯುತ್ತಿರುವವಳು ಅಜ್ಜಿಯೇ.

ಸಂಜೆ ದಂಡೆಗೆ ಹೋದಾಗ ನಿಮ್ಮ ದೀಪ ಕಾಣುತ್ತದೆ. ಅಮ್ಮ ಅದನ್ನು ನೋಡಿ "ಇವತ್ತು ಸ್ವಲ್ಪ ಸುಸ್ತಾಗಿದಾರೆ ಅನ್ಸತ್ತೆ" ಅನ್ನುತ್ತಾಳೆ. ದೀಪಕ್ಕೆ ಸುಸ್ತಾಗುವುದು ನನಗಂತೂ ಕಂಡಿಲ್ಲ.

ಜುಲ್ಮಾ


ದೀಪಸ್ತಂಭ
28 ಜುಲೈ 1974

ಜುಲ್ಮಾ,

ದಾರ ಸಿಕ್ಕಿತು. ಎಲ್ಲ ಒಳ್ಳೆಯ ಬಣ್ಣಗಳೇ. ಇಲ್ಲಿ ಚಳಿಗಾಲದ ಕಡಲಿಗೂ ಇವೇ ಬಣ್ಣ, ಹಾಗಾಗಿ ಪರಿಚಿತರು ಬಂದ ಹಾಗಾಯಿತು. ಬೂದು ರೀಲಿಗೆ ಹಳದಿ ದಾರದ ಒಂದು ಎಳೆ ಸುತ್ತಿಕೊಂಡು ಬಂದಿದೆ, ನಿನಗೆ ತಿಳಿಯದೆ ಬಂದಿರಬೇಕು. ವಾಪಸು ಕಳಿಸುವುದಿಲ್ಲ.

ಕಾಲುಚೀಲ ಅಲ್ಲ. ಹೇಳಿಬಿಡುತ್ತೇನೆ, ಯಾಕೆಂದರೆ ಸಿಪ್ರಿಯಾನೊ ಹೇಗೂ ದೋಣಿಯವರಿಗೆ ಹೇಳಿದ್ದಾನೆ. ಸಿಪ್ರಿಯಾನೊ ನನ್ನ ಜೊತೆಯ ಕಾವಲುಗಾರ. ದೀಪದ ಕೆಲಸ ಇಬ್ಬರಿಗೂ ಸಮ, ಅಡುಗೆ ಅವನದು, ಗೊಣಗಾಟವೂ ಅವನದೇ. ಹಲಗೆಯ ಮೇಲೆ ಮೊಳೆ ಹೊಡೆದು ದಾರ ಸುತ್ತಿ ಚಿತ್ರ ಮಾಡುತ್ತಾರಲ್ಲ, ಊರಲ್ಲೆಲ್ಲ ಈಗ ಅದೇ ಹುಚ್ಚಂತೆ. ಅವನು ಹಲ್ಲಿನ ಡಾಕ್ಟರ ಗೋಡೆಯ ಮೇಲೆ ನೋಡಿ ಬಂದು ನನಗೆ ಹೇಳಿಕೊಟ್ಟ. ಹಲಗೆ ಕಡಲೇ ತಂದುಕೊಟ್ಟದ್ದು. ಉಪ್ಪು ತೊಳೆದು, ಒಣಗಿಸಿ, ಹಳೆಯ ಕೋಟಿನ ಕಪ್ಪು ಬಟ್ಟೆಯನ್ನು ಮೇಲೆ ಬಿಗಿದೆ. ಚಿತ್ರವನ್ನು ಮೊದಲು ಪತ್ರಿಕೆಯ ಹಾಳೆಯ ಮೇಲೆ ಬರೆದು, ಹಾಳೆಯನ್ನು ಬಟ್ಟೆಯ ಮೇಲಿಟ್ಟು, ಗೆರೆಯುದ್ದಕ್ಕೂ ಸಣ್ಣ ಮೊಳೆ ಹೊಡೆಯುವುದು. ಆಮೇಲೆ ಹಾಳೆ ಹರಿದು ತೆಗೆಯುವುದು. ಮೊದಲ ಮೊಳೆಗೆ ದಾರ ಗಂಟು ಹಾಕಿ ಎದುರಿನದಕ್ಕೆ ಒಯ್ದು, ಅಲ್ಲಿಂದ ಪಕ್ಕದ್ದಕ್ಕೆ, ಮತ್ತೆ ಈಚೆಗೆ. ದಾರ ಸಡಿಲ ಬಿಟ್ಟರೆ ಜೋತು ಬೀಳುತ್ತದೆ. ಬಿಗಿ ಎಳೆದರೆ ಮೊಳೆ ಬಾಗುತ್ತದೆ. ಒಂದು ವಿಚಿತ್ರ ಕೇಳು: ದಾರ ಹೋಗುವುದು ಯಾವಾಗಲೂ ನೇರವಾಗಿ. ಎಲ್ಲೂ ಡೊಂಕಾಗಲಿಕ್ಕೆ ಅದಕ್ಕೆ ಬರುವುದಿಲ್ಲ. ಆದರೂ ಸುಮಾರು ಎಳೆ ಕೂಡಿದ ಮೇಲೆ ನೋಡಿದರೆ ಅಲ್ಲೊಂದು ಬಾಗು ಮೂಡಿರುತ್ತದೆ, ಅಲೆಯ ಹಾಗೆ. ಅದನ್ನು ಯಾರೂ ಮಾಡಿದ್ದಲ್ಲ.

ನಿನ್ನೆ ಮಧ್ಯಾಹ್ನ ದಾರ ಹಿಡಿದುಕೊಂಡೇ ಜೊಂಪು ಹತ್ತಿತು. ದೀಪದ ಕಿರಣಗಳೆಲ್ಲ ದಾರಗಳಾಗಿದ್ದವು. ಒಂದು ತುದಿ ಸ್ತಂಭಕ್ಕೆ, ಇನ್ನೊಂದು ತುದಿ ಊರಿನ ಒಂದೊಂದು ಮನೆಗೆ. ನಾನು ಬರಿಗಾಲಲ್ಲಿ ಅದರ ಮೇಲೆ ನಡೆದು ಬರುತ್ತಿದ್ದೆ. ಕೆಳಗೆ ನೀರು ಇತ್ತು, ಆದರೆ ಹೆದರಿಕೆ ಇರಲಿಲ್ಲ. ನಿಮ್ಮ ಅಡುಗೆಮನೆಯ ಕಿಟಕಿ ಕಾಣುವಷ್ಟರಲ್ಲಿ ಸಿಪ್ರಿಯಾನೊ ಎಬ್ಬಿಸಿದ. ಮೀನು ಸೀದು ಹೋಗಿತ್ತು, ಬೈಯಲಿಕ್ಕೆ ಅವನಿಗೊಬ್ಬರು ಬೇಕಾಗಿತ್ತು.

ಎರಡು ಪ್ರಶ್ನೆ. ನಿನಗೆ ಹಾಯಿದೋಣಿ ಇಷ್ಟವೇ? ಇನ್ನೊಂದು, ವಾಲ್ಟ್ಜ್ ಕುಣಿತದಲ್ಲಿ ಗಂಡಸು ಮೊದಲು ಇಡುವುದು ಯಾವ ಕಾಲು? ಸಿಪ್ರಿಯಾನೊ ಬಲಗಾಲು ಅನ್ನುತ್ತಾನೆ, ನಾನು ಎಡಗಾಲು ಅನ್ನುತ್ತೇನೆ. ಸುಮ್ಮನೆ ವಾದ, ಬೇರೇನಿಲ್ಲ.

ಎವಾರಿಸ್ತೊ


ಮಾಲ್ದೊನಾದೊ
25 ಆಗಸ್ಟ್ 1974

ದೊನ್ ಎವಾರಿಸ್ತೊ ಅವರಿಗೆ,

ದಯವಿಟ್ಟು ಹಾಯಿದೋಣಿ ಬೇಡ! ಹಲ್ಲಿನ ಡಾಕ್ಟರ ಮನೆಯಲ್ಲಿ ಹಾಯಿದೋಣಿ, ಬೇಕರಿಯಲ್ಲಿ ಹಾಯಿದೋಣಿ, ನನ್ನ ಗೆಳತಿ ಮಿರ್ತಾಳ ಹದಿನೈದಕ್ಕೆ ಬಂದ ಹಾಯಿದೋಣಿಗಳು ಒಂದು ನೌಕಾಪಡೆಗೆ ಸಾಕು. ಗೂಬೆಯೂ ಬೇಡ.

ಎಡಗಾಲು. ನೀವು ಗೆದ್ದಿರಿ. ಕಡಲಸಿಂಹಗಳ ಜೊತೆ ಕುಣಿಯುವುದಿದ್ದರೆ ಮಾತ್ರ ಯಾವ ಕಾಲಾದರೂ ಆದೀತು.

ನೀವು ನನಗೊಂದು ಗುಟ್ಟು ಹೇಳಿದಿರಿ, ಹಾಗಾಗಿ ನಾನೂ ಒಂದು ಹೇಳುತ್ತೇನೆ. ಅಮ್ಮನಿಗೆ ಇನ್ನೂ ತಿಳಿಯದು. ನಾನು ಬ್ಯೂನಸ್ ಐರಿಸ್‌ನಲ್ಲಿರುವ ನಮ್ಮಪ್ಪನಿಗೆ ಕಾಗದ ಬರೆದಿದ್ದೆ. ಉತ್ತರ ಬಂದಿದೆ! ಬರುತ್ತಾರಂತೆ. ಹಬ್ಬದ ಮೊದಲ ವಾಲ್ಟ್ಜ್ ಅಪ್ಪನ ಜೊತೆಯೇ ಅಲ್ಲವೇ ಆಗಬೇಕಾದದ್ದು. ನದಿ ದಾಟುವ ಹಡಗಿನಲ್ಲಿ ಹದಿನೈದನೇ ತಾರೀಖೇ ಹೊರಡುತ್ತಾರಂತೆ. ಕಾಗದದ ಕೊನೆಗೆ "ನನ್ನ ಪುಟ್ಟ ಮೀನೇ" ಎಂದು ಬರೆದಿದ್ದಾರೆ. ನಾನು ಆರು ವರ್ಷದವಳಿದ್ದಾಗ ಹಾಗೆ ಕರೆಯುತ್ತಿದ್ದರು. ಮರೆತಿಲ್ಲ ನೋಡಿ.

ನಿಮಗೆ ಹೇಗೂ ಚಳಿಗಾಲದ ಮುಂಚೆಯೇ ರಜೆ ಮುಗಿದಿದೆ, ನವೆಂಬರಿನಲ್ಲಿ ಸಿಗುವುದಿಲ್ಲ ಎಂದು ಅಮ್ಮ ಹೇಳಿದಳು. ಹಾಗಾಗಿ ನಿಮಗೆ ಬೇಸರವಾಗಲಿಕ್ಕಿಲ್ಲ ಅಂದುಕೊಂಡಿದ್ದೇನೆ. ಆಗುವುದಿಲ್ಲ ತಾನೇ?

ಜುಲ್ಮಾ


ದೀಪಸ್ತಂಭ
6 ಅಕ್ಟೋಬರ್ 1974

ಜುಲ್ಮಾ,

ಉತ್ತರ ತಡವಾಯಿತು. ಗಾಳಿ ಜೋರಿತ್ತು, ದೋಣಿ ಬರಲಿಲ್ಲ.

ನಿಮ್ಮಪ್ಪ ಬರುವುದು ಒಳ್ಳೆಯದು. ಬರಬೇಕು. ಅಮ್ಮನಿಗೆ ನೀನೇ ಹೇಳು, ಬೇರೆಯವರಿಂದ ತಿಳಿಯುವುದು ಬೇಡ. ಕೂಗಾಡಿದರೆ ಕೂಗಾಡಲಿ, ಆಮೇಲೆ ತಣ್ಣಗಾಗುತ್ತಾಳೆ.

ನವೆಂಬರ್ ಪಾಳಿಯಲ್ಲಿ ರಜೆ ಸಿಪ್ರಿಯಾನೊನದು. ನಾನು ಇಲ್ಲೇ ಇರುತ್ತೇನೆ.

ಗೋಡೆಗೆ ಸುಣ್ಣ ಹೊಡೆಯುತ್ತಿದ್ದೇವೆ. ಬೇರೇನೂ ಸುದ್ದಿ ಇಲ್ಲ.

ಎವಾರಿಸ್ತೊ


ಮಾಲ್ದೊನಾದೊ
20 ಅಕ್ಟೋಬರ್ 1974

ದೊನ್ ಎವಾರಿಸ್ತೊ ಅವರಿಗೆ,

ನಿಮ್ಮ ಕಾಗದವನ್ನು ತಿರುಗಿಸಿ ನೋಡಿದೆ, ಹಿಂದೆಯೂ ಏನಾದರೂ ಬರೆದಿದ್ದೀರೋ ಎಂದು. ಇರಲಿಲ್ಲ. ಕೋಪ ಬಂದಿದ್ದರೆ ಬಂದಿದೆ ಎಂದೇ ಬರೆಯಬಹುದಿತ್ತು. ಅಥವಾ ನನ್ನ ಹಬ್ಬವೂ ಸುಣ್ಣ ಹೊಡೆಯುವುದೂ ನಿಮಗೆ ಒಂದೇ ಇರಬಹುದು. ಹಾಗಿದ್ದರೂ ಸರಿಯೇ. ಎರಡರಲ್ಲಿ ಯಾವುದು ಎಂದು ತಿಳಿಯದೆ ಇರುವುದು ಕಷ್ಟ.

ಅಮ್ಮನಿಗೆ ಹೇಳಿದೆ. ಕೂಗಾಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು, ಸುಮಾರು ಹೊತ್ತು ಪೋಣಿಸುತ್ತಲೇ ಇದ್ದಳು. ಆಮೇಲೆ "ಬಂದ್ರೆ ಊಟಕ್ಕೆ ಒಂದು ತಟ್ಟೆ ಜಾಸ್ತಿ ಇಡೋಣ ಬಿಡು" ಅಂದಳು. ಅಜ್ಜಿ ಮಾತ್ರ "ನಿಮ್ಮಪ್ಪ ರೌಲ್ ಬರ್ತಾನಾ? ಹಾಗಾದ್ರೆ ನಾನು ಬಿಷಪ್ ಜೊತೆ ಕುಣೀತೀನಿ" ಅಂದಳು. ನಾನು ಅವಳ ಜೊತೆ ಮಾತು ಬಿಟ್ಟಿದ್ದೇನೆ.

ಅಪ್ಪನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಹೆಗಲು ನೆನಪಿದೆ. ಹೆಗಲ ಮೇಲೆ ಕೂರಿಸಿಕೊಂಡು ಕಡಲಿನಲ್ಲಿ ಎದೆಮಟ್ಟದ ನೀರಿನವರೆಗೆ ಹೋಗುತ್ತಿದ್ದರು. ಅಲೆ ಬಂದಾಗ ಅವರ ತಲೆ ನೀರಿನೊಳಗೆ ಮುಳುಗಿ, ನಾನೊಬ್ಬಳೇ ನೀರಿನ ಮೇಲೆ ಕೂತಂತೆ ಇರುತ್ತಿತ್ತು. ಈಗಲೂ ಕನಸಿನಲ್ಲಿ ಹಾಗೆ ಕೂತಿರುತ್ತೇನೆ. ಕೆಳಗೆ ಯಾರೋ ಇದ್ದಾರೆ ಎಂದು ಗೊತ್ತಿರುತ್ತದೆ, ಮೇಲೆ ಬರುವುದೊಂದು ಬಾಕಿ. ಕಾಯುತ್ತಿರುತ್ತೇನೆ. ಎಚ್ಚರವಾಗುತ್ತದೆ.

ಉಡುಪು ಮುಗಿಯಿತು. ತಿರುಗಿದರೆ ಲಂಗ ಗಾಳಿ ತುಂಬಿಕೊಂಡು ಗಂಟೆಯ ಹಾಗೆ ಅರಳುತ್ತದೆ. ನಿಮಗೆ ತೋರಿಸಬಹುದಿತ್ತು.

ಜುಲ್ಮಾ


(ಪೊಟ್ಟಣದ ಜೊತೆಗಿದ್ದ ಚೀಟಿ)
12 ನವೆಂಬರ್ 1974

ಹದಿನೈದು ತುಂಬಿದ ಹುಡುಗಿಗೆ. ಹತ್ತಿರದಿಂದ ನೋಡಬೇಡ, ದೂರ ಇಟ್ಟು ನೋಡು. ಕೋಪ ಇರಲಿಲ್ಲ.

ಎ.


ಮಾಲ್ದೊನಾದೊ
18 ನವೆಂಬರ್ 1974

ದೊನ್ ಎವಾರಿಸ್ತೊ ಅವರಿಗೆ,

ಅಪ್ಪ ಬರಲಿಲ್ಲ.

ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೆಟ್ಟಗೆ ಬರೆಯಬಹುದು ಅಂದುಕೊಂಡೆ. ಕ್ಲಬ್ಬಿನ ಸಭಾಂಗಣ ತುಂಬಿತ್ತು. ಅಜ್ಜಿಯ ಕ್ವಿನ್ಸ್ ಹಣ್ಣಿನ ಕಡುಬು, ಮೂರು ಅಂತಸ್ತಿನ ಕೇಕು, ಮಿರ್ತಾಳ ಅಣ್ಣಂದಿರ ಅಕಾರ್ಡಿಯನ್ ಎಲ್ಲ ಇತ್ತು. ನಾನು ಬಾಗಿಲಿನ ಮೆಟ್ಟಿಲ ಮೇಲೆ ನಿಂತಿದ್ದೆ. ಬಸ್ಸು ಬಂದಾಗಲೆಲ್ಲ ಒಳಗಿನವರು ಮಾತು ನಿಲ್ಲಿಸುತ್ತಿದ್ದರು. ಬಸ್ಸು ಹೋದ ಮೇಲೆ ಒಬ್ಬರನ್ನೊಬ್ಬರು ನೋಡದೆ ಮತ್ತೆ ಶುರು ಮಾಡುತ್ತಿದ್ದರು. ಕೊನೆಗೆ ಅಜ್ಜಿ ಹೊರಗೆ ಬಂದು ಪಕ್ಕದಲ್ಲಿ ನಿಂತಳು. ಬಿಷಪ್ಪನ ಮಾತು ಎತ್ತಲಿಲ್ಲ. "ಕಾಲು ನೋಯತ್ತೆ ಮಗಾ, ಕೂತ್ಕೋ" ಅಂದಳು ಅಷ್ಟೇ. ಉಡುಪು ಮುದುಡುತ್ತದೆ ಎಂದು ಕೂರಲಿಲ್ಲ.

ಆಗ ಬಂದದ್ದು ನಿಮ್ಮ ಸಿಪ್ರಿಯಾನೊ. ಗಡ್ಡ ಬೋಳಿಸುವಾಗ ಮೂರು ಕಡೆ ಕೊಯ್ದುಕೊಂಡಿದ್ದರು. ಕಂಕುಳಲ್ಲಿ ಪತ್ರಿಕೆ ಸುತ್ತಿದ ಹಲಗೆ.

"ನೀನೇನಾ ಕ್ಯಾನರಿ?" ಅಂದರು. "ತಗೋ. ನಿಮ್ಮ ಎವಾರಿಸ್ತೊ ಕಳ್ಸಿದ್ದು. ದೋಣಿಯಲ್ಲಿ ಬರೋವಾಗ ತೊಡೆ ಮೇಲೆ ಮಗು ಥರ ಇಟ್ಕೊಂಡು ಬಂದಿದೀನಿ. ಒಂದು ದಾರ ಸಡ್ಲ ಆಗಿದ್ರೂ ನನ್ನ ಕೊಂದೇ ಹಾಕ್ತೀನಿ ಅಂದಿದಾನೆ."

ಅಲ್ಲೇ ಬಿಚ್ಚಿದೆ. ಬರೀ ಮೊಳೆ, ಬೂದು ದಾರ, ಕಂದು ದಾರ. ಮೊದಲೇ ಅಳು ಒತ್ತಿಕೊಂಡು ಬರುತ್ತಿತ್ತು, ಅದರ ಮೇಲೆ ಇದು, ಬಲೆ ಸಿಕ್ಕುಬಿದ್ದ ಹಾಗೆ. ಅಜ್ಜಿ ಅದನ್ನು ಕಿತ್ತುಕೊಂಡು ಹೋಗಿ ಸಭಾಂಗಣದ ಆ ತುದಿಯಲ್ಲಿ ಕುರ್ಚಿಯ ಮೇಲೆ ನಿಲ್ಲಿಸಿದಳು. ಚೀಟಿ ಓದಿದ್ದಳು, ಕಳ್ಳಿ.

ದೂರದಿಂದ ನೋಡಿದೆ. ಹುಡುಗಿಯೊಬ್ಬಳು ತಿರುಗುತ್ತಿದ್ದಳು. ಲಂಗ ಕಡಲಿನಷ್ಟು ದೊಡ್ಡದು. ನಮ್ಮ ಉಡುಪು ಅಷ್ಟು ದೊಡ್ಡದಿಲ್ಲ, ನೋಡದೆ ಮಾಡಿದ್ದು ಅಂತ ಗೊತ್ತಾಗುತ್ತದೆ. ಅಂಚಿನಲ್ಲಿ ಹಳದಿಯ ಒಂದೇ ಎಳೆ. ಅವಳು ಒಂದು ಕೈ ಮುಂದೆ ಚಾಚಿದ್ದಾಳೆ. ಚಾಚಿದ ಕೈಯ ಆಚೆ ಯಾರೂ ಇಲ್ಲ. ಹತ್ತಿರ ಹೋಗಿ ಮುಟ್ಟಿ ನೋಡಿದೆ. ಅಲ್ಲಿ ಮೊಳೆಗಳಿವೆ. ಹೆಗಲು, ತೋಳು, ಕಾಲು, ಒಬ್ಬ ಗಂಡಸಿನ ಇಡೀ ಮೈಗೆ ಸಾಲಾಗಿ ಮೊಳೆ ಹೊಡೆದಿದೆ. ದಾರ ಮಾತ್ರ ಸುತ್ತಿಲ್ಲ.

"ಇದ್ಯಾಕೆ ಖಾಲಿ?" ಅಂತ ಸಿಪ್ರಿಯಾನೊ ಅವರನ್ನು ಕೇಳಿದೆ.

"ನಿಮ್ಮಪ್ಪನ್ನ ಅವನು ನೋಡಿಲ್ವಲ್ಲಮ್ಮ. ಹೇಗಿದಾರೋ ಏನೋ, ಬಂದ್ಮೇಲೆ ಹುಡುಗೀನೇ ಸುತ್ಕೊಳ್ಲಿ ಅಂದ."

"ಈ ತಿಂಗಳ ರಜೆ ನಿಮ್ದಂತೆ?"

ಅವರು ಕಡುಬು ಬಾಯಿಗಿಟ್ಟುಕೊಂಡರು. ತುಂಬ ಹೊತ್ತು ಅಗಿದರು. ಅಮ್ಮ ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ ಮೇಲೆ ಬಾಯಿಬಿಟ್ಟರು. "ನಂದಲ್ಲ ತಾಯಿ, ಅವನ್ದು. ಜೂನ್‌ನಲ್ಲೇ ಕೇಳಿ ತಗೊಂಡಿದ್ದ. ಒಲೆ ಮುಂದೆ ಕುರ್ಚಿ ಹಿಡ್ಕೊಂಡು ಕುಣಿಯೋದು ಕಲೀತಿದ್ದ, ನಾನು ತಾಳ ಹಾಕ್ತಿದ್ದೆ. ಆಮೇಲೆ ಒಂದಿನ ಬಂದು, ನೀನು ಹೋಗು, ಅಲ್ಲಿ ನಾನಿದ್ರೆ ಆ ಮಗೂಗೆ ಯಾರ ಕೈ ಹಿಡೀಬೇಕು ಅಂತ ಇಕ್ಕಟ್ಟಾಗತ್ತೆ ಅಂದ."

ಮಿರ್ತಾಳ ಅಪ್ಪ ನನ್ನ ಜೊತೆ ಕುಣಿಯಲಿಕ್ಕೆ ಎದ್ದು ಬಂದರು. ಬೇಡ ಅಂದೆ. ಸಿಪ್ರಿಯಾನೊ ಕೈ ಒರೆಸಿಕೊಂಡರು. ಅವರಿಗೂ ಬೇಡ ಅಂದೆ. ಕೇಕು ಕತ್ತರಿಸಿದೆವು, ಎಲ್ಲರೂ ಕುಣಿದರು, ಅಜ್ಜಿಯೂ. ಮೊದಲ ವಾಲ್ಟ್ಜ್ ಮಾತ್ರ ಆಗಲಿಲ್ಲ. ಇಟ್ಟಿದ್ದೇನೆ.

ಬೇಸರವಾಗುವುದಿಲ್ಲ ತಾನೇ ಎಂದು ನಾನು ಕೇಳಿದ್ದೆ. ನೀವು ಅದಕ್ಕೆ ಉತ್ತರ ಬರೆದಿರಲೇ ಇಲ್ಲ. ನಾನು ಈಗ ಗಮನಿಸಿದೆ.

ಜುಲ್ಮಾ


ದೀಪಸ್ತಂಭ
8 ಡಿಸೆಂಬರ್ 1974

ಜುಲ್ಮಾ,

ಸಿಪ್ರಿಯಾನೊಗೆ ಕಡುಬು ತಿನ್ನಿಸಿದರೆ ನೌಕಾಪಡೆಯ ಗುಟ್ಟುಗಳೂ ಹೊರಬರುತ್ತವೆ. ಅವನ ಮಾತಿನಲ್ಲಿ ಅರ್ಧ ಬಿಡು. ಕುರ್ಚಿ ಅಲ್ಲ, ಪೊರಕೆ.

ನಿಮ್ಮಪ್ಪ ಯಾಕೆ ಬರಲಿಲ್ಲವೋ ನನಗೆ ತಿಳಿಯದು. ಅವರನ್ನು ಬೈಯಬೇಡ, ಬೈಯಬೇಕೆನ್ನಿಸಿದರೆ ಬೈ. ನಾನು ಆ ದಿನ ಸಂಜೆ ದೀಪ ಹಚ್ಚಿ, ಗಾಜಿನ ಕೋಣೆಯ ಹೊರಗಿನ ಕಟಕಟೆಯ ಹತ್ತಿರ ನಿಂತಿದ್ದೆ. ನೀರು ಹಾಲಿನ ಹಾಗೆ ನಿಂತಿತ್ತು. ದಡದ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಅದರಲ್ಲಿ ಕ್ಲಬ್ಬು ಯಾವುದು ಎಂದು ಹುಡುಕಿದೆ. ಒಂದನ್ನು ಆರಿಸಿ, ಅದೇ ಇರಬೇಕು ಅಂದುಕೊಂಡು, ಈಗ ಕುಣಿಯುತ್ತಿರುತ್ತಾಳೆ ಅಂದುಕೊಂಡೆ. ಸಂತೋಷವೇ ಆಯಿತು. ನೀನು ಮೆಟ್ಟಿಲ ಮೇಲೆ ನಿಂತಿರುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ. ಇಷ್ಟು ದೊಡ್ಡ ದೀಪ ಕೈಯಲ್ಲಿದ್ದೂ ಅಲ್ಲಿ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ ನೋಡು.

ನಿನ್ನ ಪ್ರಶ್ನೆಗೆ ಉತ್ತರ: ಆಗಿತ್ತು. ಆ ತಿಂಗಳು ಹಲಗೆ ಮುಟ್ಟಿರಲಿಲ್ಲ. ಆಮೇಲೆ ಒಂದು ದಿನ ಹಾಯಿದೋಣಿಯ ದಾರವನ್ನೆಲ್ಲ ಬಿಚ್ಚಿ, ಮೊಳೆ ಕಿತ್ತು ಹೊಸದಾಗಿ ಶುರು ಮಾಡಿದೆ. ಹೌದು, ಹಾಯಿದೋಣಿ ಮುಕ್ಕಾಲು ಆಗಿತ್ತು, ನೀನು ಬೇಡ ಅಂದಾಗ.

ಜನವರಿಯಲ್ಲಿ ಸಾಮಾನಿನ ದೋಣಿ ಮನೆಯವರನ್ನೂ ಕರೆತರುತ್ತದೆ, ಅಮ್ಮನಿಗೆ ಗೊತ್ತು. ಬರಬೇಕು ಎಂದು ನಾನು ಹೇಳುವುದಿಲ್ಲ. ಇಲ್ಲಿ ವಾಸನೆ ಜಾಸ್ತಿ.

ಎವಾರಿಸ್ತೊ


ಮಾಲ್ದೊನಾದೊ
13 ಜನವರಿ 1975

ಎವಾರಿಸ್ತೊ,

ಮನೆಗೆ ಬಂದು ಮುಟ್ಟಿದೆವು. ಅಮ್ಮನಿಗೆ ಇನ್ನೂ ನೆಲ ಅಲ್ಲಾಡುತ್ತಿದೆಯಂತೆ, ನಿಂಬೆಹಣ್ಣು ಮೂಸುತ್ತ ಮಲಗಿದ್ದಾಳೆ. ನಿನ್ನನ್ನು ಬೈಯುತ್ತಿದ್ದಾಳೆ, ಅಲೆಗಳನ್ನು ನೀನೇ ಎಬ್ಬಿಸಿದ ಹಾಗೆ.

ಈ ಅಲೆಗೆ ದೋಣಿ ದ್ವೀಪದ ದಡ ಹತ್ತಲಿಕ್ಕೆ ಆಗುವುದಿಲ್ಲ ಎಂದು ಚುಕ್ಕಾಣಿಯವರು ಹೇಳಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟು ಹತ್ತಿರ ಬಂದಿದ್ದೆವು! ಕಲ್ಲಿನ ಕಟ್ಟೆಯ ಮೇಲೆ ನೀನು, ಪಕ್ಕದಲ್ಲಿ ಸಿಪ್ರಿಯಾನೊ, ಸುತ್ತ ಆ ಸಾವಿರ ಮುದುಕರು. ನೀನು ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡಿದ್ದೆ. ನೀನು ಏನೋ ಕೂಗಿದೆ. ಗಾಳಿಗೆ ಏನೂ ಕೇಳಲಿಲ್ಲ.

ಉಡುಪನ್ನು ಚೀಲದಲ್ಲಿ ತಂದಿದ್ದೆ. ನಿನಗೆ ತೋರಿಸಿ ಮಡಿಸಿಡೋಣ ಎಂದಷ್ಟೇ. ಸ್ವೆಟರಿನ ಮೇಲೆಯೇ ತೊಟ್ಟುಕೊಂಡೆ. ಅಮ್ಮ "ಹುಚ್ಚು ಹಿಡೀತಾ ನಿಂಗೆ, ಉಪ್ಪು ನೀರು ಹಾರತ್ತೆ!" ಅಂದಳು. "ಹಾರ್ಲಿ ಬಿಡಮ್ಮ" ಅಂದೆ. ದೋಣಿಯವರು ಎಂಜಿನ್ ನಿಲ್ಲಿಸಿದರು. ನಾನು ಕೈ ಚಾಚಿದೆ. ನಿನಗೆ ಅರ್ಥವಾಗಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಸಿಪ್ರಿಯಾನೊ ಬೆನ್ನಿಗೆ ಗುದ್ದಿದ ಮೇಲೆ ನೀನೂ ಕೈ ಚಾಚಿದೆ, ಗಾಳಿಯ ಸೊಂಟ ಹಿಡಿದೆ, ಸಿಪ್ರಿಯಾನೊ ಚಪ್ಪಾಳೆಯಲ್ಲಿ ತಾಳ ಹಾಕಿದರು. ನಡುವೆ ಅಷ್ಟು ನೀರು. ದೋಣಿ ಏಳುತ್ತಿತ್ತು, ಇಳಿಯುತ್ತಿತ್ತು. ಇಳಿದಾಗ ನೀನು ಕಾಣುತ್ತಿರಲಿಲ್ಲ, ಬರೀ ಸ್ತಂಭ. ಏಳುವಾಗ ಮತ್ತೆ ಅಲ್ಲೇ ಇರುತ್ತಿದ್ದೆ, ಇನ್ನೂ ತಿರುಗುತ್ತ. ಒಂದು ಸಲವೂ ತಪ್ಪಲಿಲ್ಲ. ನಾನು ಎಷ್ಟು ಹೊತ್ತು ಕುಣಿದೆನೋ ತಿಳಿಯದು. ಲಂಗ ಪೂರ್ತಿ ನೆನೆದಿತ್ತು. ಅಜ್ಜಿಗೆ ಹೇಳಿದರೆ ನಂಬುವುದಿಲ್ಲ. ದೋಣಿಯವರು ಸಾಕ್ಷಿ.

ನೀನು ಬಲಗಾಲು ಮೊದಲಿಟ್ಟೆ. ಅಷ್ಟು ವಾದ ಮಾಡಿ ಗೆದ್ದು, ಬಲಗಾಲು!

ಅಪ್ಪನಿಂದ ಕಾರ್ಡು ಬಂದಿದೆ. ಹಡಗು ತಪ್ಪಿತಂತೆ, ಮುಂದಿನ ವರ್ಷ ಖಂಡಿತವಂತೆ. ಒಳ್ಳೆಯ ಕಾರ್ಡು, ಅಲ್ಲಿನ ಊರ ಚೌಕದ ಚಿತ್ರ ಇದೆ. ಉತ್ತರ ಬರೆದೆ, ನಾನು ಚೆನ್ನಾಗಿದ್ದೇನೆ ಎಂದು. ಅದು ಸುಳ್ಳೂ ಅಲ್ಲ.

ಇವತ್ತು ಬೆಳಗ್ಗೆ ಹಲಗೆಯನ್ನು ಗೋಡೆಯಿಂದ ಇಳಿಸಿ, ಖಾಲಿ ಮೊಳೆಗಳಿಗೆ ದಾರ ಸುತ್ತಲಿಕ್ಕೆ ಕೂತೆ. ನಾನು ಇಟ್ಟುಕೊಂಡಿದ್ದೆನಲ್ಲ, ಆ ಕೆಂಪು, ಹಸಿರು ಎಲ್ಲ ತೆಗೆದೆ. ಗಂಟು ಹಾಕುವುದು ಅಮ್ಮ ಹೇಳಿಕೊಟ್ಟಳು. ಮೊದಲ ಸಲ ಬಿಗಿ ಎಳೆದು ಒಂದು ಮೊಳೆ ಬಾಗಿಸಿದೆ, ಎರಡನೇ ಸಲ ಸಡಿಲಾಯಿತು. ಮೂರನೆಯದು ನಿಂತಿತು. ಆದರೆ ಕಾಲಿನಿಂದ ಹೆಗಲಿನವರೆಗೆ ಸುತ್ತಿ ದೂರ ಇಟ್ಟು ನೋಡಿದರೆ ಎಲ್ಲೋ ತಪ್ಪಿದೆ ಅನ್ನಿಸಿತು. ಆ ಮನುಷ್ಯ ತೀರ ಗಿಡ್ಡ. ನೀನು ಯಾರೋ ಸಾಧಾರಣ ಎತ್ತರದವರ ಅಳತೆಗೆ ಮೊಳೆ ಹೊಡೆದಿದ್ದೀಯ. ನಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ಬಗ್ಗಿಸದೆ ಬರುವಂಥವರ ಅಳತೆಗೆ.

ಹಾಗಾಗಿ ಪಕ್ಕದ ಮನೆಯಿಂದ ಸುತ್ತಿಗೆ ತಂದು, ಮೇಲೆ ಇನ್ನಷ್ಟು ಮೊಳೆ ಹೊಡೆಯುತ್ತಿದ್ದೇನೆ.

ಜುಲ್ಮಾ